ರವೆ ಡಬ್ಬಿ ಹುಳಕ್ಕೂ ಬಂಡೆಗಂಟಿದ ಬಾರ್ನಕಲ್‌ಗೂ ಏನು ನಂಟು?

ರವೆ ಡಬ್ಬಿ ಮುಚ್ಚಳ ತೆಗೆದ ತಕ್ಷಣ ಒಳಗೆ ಓಡಾಡೋ ಸಣ್ಣ ಕೆಂಪು ಹುಳ, ಅಕ್ಕಿಯಲ್ಲಿ ಸಿಗೋ ಉದ್ದ ಮೂತಿಯ ನುಸಿ, ಬೆಂಗಳೂರಲ್ಲಿ ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ರಾತ್ರಿ ಬಾಲ್ಕನಿ ಲೈಟಿಗೆ ಬಂದು ಟಪ್ ಟಪ್ ಅಂತ ಬಡ್ಕೊಂಡು ಬೀಳೋ ಕಂದು ಜೀರುಂಡೆ, ಮಲೆನಾಡಿನ ಮಿಂಚುಹುಳ, ಸಗಣಿ ಉಂಡೆ ಉರುಳಿಸ್ಕೊಂಡು ಹೋಗೋ ಹುಳ, ಇಷ್ಟೂ ಒಂದೇ ಗುಂಪು. ಬೀಟಲ್‌ಗಳು. ಇನ್ನೊಂದು ಕಡೆ ಬಾರ್ನಕಲ್. ನಮ್ಮೂರಲ್ಲಿ ಸಮುದ್ರ ಇಲ್ಲ, ಹಾಗಾಗಿ ಇಲ್ಲಿ ಬೆಳೆದವರಿಗೆ ಇದರ ಪರಿಚಯ ಕಮ್ಮಿ, ಆದ್ರೆ ಮಲ್ಪೆಗೋ ಕಾರವಾರಕ್ಕೋ ಹೋಗಿ ಕಡಲ ಬಂಡೆ ಮೇಲೆ ಬರಿಗಾಲಲ್ಲಿ ಹತ್ತಿ ಅಂಗಾಲು ತರಚಿಕೊಂಡವರಿಗೆ ಆ ಬಿಳಿ ಚೂಪು ಗೂಡುಗಳು ನೆನಪಿರುತ್ತೆ. ರಸೆಲ್ ಮಾರ್ಕೆಟ್ಟಿಂದ ಏಡಿ ತಂದು ತೊಳೆಯುವಾಗ ಕೆಲವು ಸಲ ಅದರ ಬೆನ್ನ ಮೇಲೆ ಉಗುರಲ್ಲಿ ಕೆರೆದ್ರೂ ಹೋಗದ ಬಿಳಿ ಗುಬ್ಬಿಗಳು ಇರ್ತಾವಲ್ಲ, ಮಧ್ಯೆ ಒಂದು ತೂತು, ಅವೂ ಬಾರ್ನಕಲ್‌ಗಳೇ.

ಒಂದು ಹಾರುತ್ತೆ, ಇನ್ನೊಂದು ಕೂತ ಜಾಗದಿಂದ ಸಾಯೋವರೆಗೂ ಅಲ್ಲಾಡಲ್ಲ. ಒಂದು ಒಣ ಹಿಟ್ಟಲ್ಲೂ ಬದುಕುತ್ತೆ, ಇನ್ನೊಂದಕ್ಕೆ ಉಪ್ಪುನೀರು ಬೇಕೇ ಬೇಕು. ಆದ್ರೂ ಇವೆರಡೂ ದಾಯಾದಿಗಳು, ಅದೂ ಸುಮ್ಮನೆ ಎಲ್ಲಾ ಜೀವಿಗಳೂ ಬಂಧುಗಳೇ ಅನ್ನೋ ಅರ್ಥದಲ್ಲಿ ಅಲ್ಲ, ನಿಜವಾಗಿಯೂ ಒಂದೇ ಮನೆತನದ್ದು.

ನಾವು ಸ್ಕೂಲಲ್ಲಿ ಓದಿದ್ದು ಬೇರೆ ಥರ. ಸಂಧಿಪದಿಗಳು ಅಂತ ಒಂದು ದೊಡ್ಡ ವಂಶ, ಅದರಲ್ಲಿ ಕೀಟಗಳು ಒಂದು ವರ್ಗ, ಏಡಿ ಸೀಗಡಿಯಂಥ ಕಠಿಣಚರ್ಮಿಗಳು ಇನ್ನೊಂದು ವರ್ಗ, ಎರಡೂ ಅಕ್ಕಪಕ್ಕ ಕೂತಿರೋ ಬೇರೆ ಬೇರೆ ಡಬ್ಬಿಗಳು. ಡಿಎನ್‌ಎ ಹೋಲಿಸಿ ನೋಡೋಕೆ ಶುರು ಮಾಡಿದ ಮೇಲೆ ಈ ಚಿತ್ರ ಉಳಿಯಲಿಲ್ಲ. 2010ರಲ್ಲಿ 75 ಸಂಧಿಪದಿ ಪ್ರಭೇದಗಳ 62 ಜೀನ್‌ಗಳನ್ನ ಹೋಲಿಸಿದ ಒಂದು ದೊಡ್ಡ ಅಧ್ಯಯನ ಬಂತು, ಅದರ ಪ್ರಕಾರ ಕೀಟಗಳು ಕಠಿಣಚರ್ಮಿಗಳ ಪಕ್ಕದಲ್ಲಿಲ್ಲ, ಅವುಗಳ ಒಳಗೇ ಇವೆ. ಅಂದ್ರೆ ಕೀಟ ಅನ್ನೋದು ನೆಲಕ್ಕೆ ಬಂದ ಒಂದು ಕಠಿಣಚರ್ಮಿ ಕವಲು. ಈಗ ಹೆಚ್ಚಿನವರು ಒಪ್ಪೋ ವಂಶವೃಕ್ಷದಲ್ಲಿ ಬಾರ್ನಕಲ್, ಏಡಿ, ಸೀಗಡಿ ಒಂದು ಕೊಂಬೆ, ಕೀಟಗಳು ಇನ್ನೊಂದು ಕೊಂಬೆ, ಕೀಟಗಳ ತೀರಾ ಹತ್ತಿರದ ನೆಂಟರು ಯಾರು ಅಂದ್ರೆ ಸಮುದ್ರದ ಗುಹೆಗಳ ಕತ್ತಲಲ್ಲಿ ಈಜಾಡೋ ರೆಮಿಪೀಡ್ ಅನ್ನೋ ಕುರುಡು ಪ್ರಾಣಿಗಳು. ಈ ಎರಡು ಕೊಂಬೆ ಬೇರೆಯಾಗಿದ್ದು 50 ಕೋಟಿ ವರ್ಷಕ್ಕೂ ಹಿಂದೆ, ಕೇಂಬ್ರಿಯನ್ ಸಮುದ್ರದಲ್ಲಿ, ನೆಲದ ಮೇಲೆ ಮರ ಗಿಡ ಏನೂ ಇಲ್ಲದ ಕಾಲದಲ್ಲಿ.

ಇವೆರಡರ ಕತೆಯನ್ನ ಒಟ್ಟಿಗೇ ಓದಬೇಕು ಅಂತ ನನಗೆ ಅನ್ಸೋದಕ್ಕೆ ಕಾರಣ ಒಂದೇ. ಎರಡೂ ತಮ್ಮ ಜೀವನವನ್ನ ಎರಡು ಭಾಗ ಮಾಡ್ಕೊಂಡಿವೆ, ಮರಿ ಒಂದು ರೂಪ, ದೊಡ್ಡದು ಇನ್ನೊಂದು ರೂಪ, ಆದ್ರೆ ಕೆಲಸ ಹಂಚಿಕೊಂಡಿರೋದು ಪೂರ್ತಿ ಉಲ್ಟಾ. ಬೀಟಲ್‌ನಲ್ಲಿ ಮರಿ ಒಂದೇ ಕಡೆ ಇದ್ದು ತಿಂದು ಬೆಳೆಯುತ್ತೆ, ದೊಡ್ಡದು ರೆಕ್ಕೆ ಬಿಚ್ಚಿ ಹೊಸ ಜಾಗ ಹುಡುಕುತ್ತೆ. ಬಾರ್ನಕಲ್‌ನಲ್ಲಿ ಮರಿ ಊರೂರು ಸುತ್ತಿ ಜಾಗ ಹುಡುಕುತ್ತೆ, ದೊಡ್ಡದು ಒಂದೇ ಕಡೆ ಕೂತು ತಿನ್ನುತ್ತೆ. ಈ ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಅವುಗಳ ಕೋಟ್ಯಂತರ ವರ್ಷದ ಇತಿಹಾಸದಲ್ಲಿ ಬಹಳಷ್ಟು ಬಿಡಿಸಿಕೊಳ್ಳುತ್ತೆ.

ಬೀಟಲ್ ಮೊದಲು. ಇದುವರೆಗೆ ಹೆಸರಿಟ್ಟಿರೋ ಪ್ರಭೇದಗಳೇ ಸುಮಾರು 4 ಲಕ್ಷ, ಮನುಷ್ಯ ಗುರುತಿಸಿರೋ ಪ್ರಾಣಿ ಪ್ರಭೇದಗಳಲ್ಲಿ ಹತ್ರ ಹತ್ರ ನಾಲ್ಕರಲ್ಲಿ ಒಂದು. ಜೆ.ಬಿ.ಎಸ್. ಹಾಲ್ಡೇನ್, ಕೊನೆಗಾಲದಲ್ಲಿ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವಶಾಸ್ತ್ರಜ್ಞ, ಸೃಷ್ಟಿಕರ್ತನಿಗೆ ಜೀರುಂಡೆ ಕಂಡ್ರೆ ವಿಪರೀತ ಪ್ರೀತಿ ಇರಬೇಕು ಅಂದಿದ್ರು ಅಂತ ಹೇಳ್ತಾರೆ. ಇಷ್ಟೊಂದು ಯಾಕೆ ಅನ್ನೋ ಪ್ರಶ್ನೆಗೆ ವಿಜ್ಞಾನಿಗಳು ಈಗಲೂ ಉತ್ತರ ತಿದ್ದುತ್ತಲೇ ಇದಾರೆ.

ಬೀಟಲ್ ಗುರುತು ಮುಂದಿನ ಜೋಡಿ ರೆಕ್ಕೆ. ಬೇರೆ ಕೀಟಗಳಲ್ಲಿ ಹಾರೋಕೆ ಇರೋ ರೆಕ್ಕೆ ಇಲ್ಲಿ ಗಟ್ಟಿಯಾಗಿ ಅಂಗಡಿ ಶಟರ್ ಥರ ಆಗಿದೆ, ಹಾರೋ ಮೆತ್ತಗಿನ ರೆಕ್ಕೆ ಮಡಚಿಕೊಂಡು ಅದರ ಕೆಳಗೆ ಭದ್ರ. ಬಾಲ್ಕನಿಗೆ ಬಿದ್ದ ಜೀರುಂಡೆಯನ್ನ ಒಂದು ನಿಮಿಷ ಬಗ್ಗಿ ನೋಡಿ: ಅಂಗಾತ ಬಿದ್ದು ಕಾಲು ಆಡಿಸ್ತಾ ಇರುತ್ತೆ, ಹೇಗೋ ಮಗುಚಿಕೊಳ್ಳುತ್ತೆ, ಸ್ವಲ್ಪ ಹೊತ್ತು ಸುಮ್ಮನಿರುತ್ತೆ, ಆಮೇಲೆ ಬೆನ್ನ ಮೇಲಿನ ಎರಡು ಕಂದು ಹೋಳು ಪಕ್ಕಕ್ಕೆ ತೆರೆದುಕೊಂಡು ಒಳಗಿಂದ ಅದರ ಮೈಗಿಂತ ಉದ್ದದ ತೆಳು ರೆಕ್ಕೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತೆ. ಆ ಗಟ್ಟಿ ಹೊದಿಕೆ ಹೇಗೆ ಹುಟ್ಟಿತು ಅಂತ ಗೊತ್ತಾಗಿದ್ದು ಕೂಡ ನಮ್ಮ ಅಡುಗೆಮನೆ ಹುಳದಿಂದಲೇ. ರವೆ, ಮೈದಾದಲ್ಲಿ ಸಿಗೋ ಕೆಂಪು ಹುಳ ಟ್ರೈಬೋಲಿಯಂ ಪ್ರಪಂಚದ ಲ್ಯಾಬ್‌ಗಳಲ್ಲಿ ಸಾಕೋ ಬೀಟಲ್, 2008ರಲ್ಲಿ ಅದರ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದ್ರು. ಅದರ ಮೇಲೆ ನಡೆದ ಪ್ರಯೋಗಗಳು ತೋರಿಸಿದ್ದು ಏನಂದ್ರೆ, ಮೈಮೇಲಿನ ಗಟ್ಟಿ ಚರ್ಮ ಕಟ್ಟೋ ಜೀನ್‌ಗಳನ್ನ ಮುಂದಿನ ರೆಕ್ಕೆಯಲ್ಲೂ ಆನ್ ಮಾಡಿದೆ ವಿಕಾಸ, ಹೊಸದಾಗಿ ಏನನ್ನೂ ಕಂಡುಹಿಡಿಯದೆ ಇರೋದನ್ನೇ ಇನ್ನೊಂದು ಜಾಗದಲ್ಲಿ ಬಳಸಿದೆ.

ಇದರಿಂದ ಏನು ಲಾಭ ಅಂದ್ರೆ, ರೆಕ್ಕೆ ಹರಿಯೋ ಭಯ ಇಲ್ಲದೆ ಎಲ್ಲಿ ಬೇಕಾದ್ರೂ ನುಗ್ಗಬಹುದು. ತೊಗಟೆ ಸಂದಿ, ಮಣ್ಣು, ಸಗಣಿ, ಕೊಳೆತ ಮರ, ಕೆರೆ ನೀರು. ನಮಗೆ ಸಿಕ್ಕಿರೋ ಅತಿ ಹಳೆಯ ಬೀಟಲ್ ಫಾಸಿಲ್ ಜರ್ಮನಿಯದ್ದು, ಸುಮಾರು 29.5 ಕೋಟಿ ವರ್ಷ ಹಳೇದು, ಪರ್ಮಿಯನ್ ಯುಗದ ಶುರು. ಆಗಿನವು ಮರಕ್ಕೆ ಅಂಟಿಕೊಂಡ ಬದುಕಿನವು, ರೆಕ್ಕೆ ಹೊದಿಕೆ ಮೇಲೆ ಬಲೆಯಂಥ ಕೆತ್ತನೆ. ಅದೇ ಥರದ ಕೆತ್ತನೆ ಇರೋ ಆರ್ಕೋಸ್ಟೆಮಾಟಾ ಅನ್ನೋ ಪುಟ್ಟ ಗುಂಪು ಇವತ್ತಿಗೂ ಬದುಕಿದೆ, ಬೆರಳೆಣಿಕೆಯ ಹಾಗೆ ಕೆಲವು ಡಜನ್ ಪ್ರಭೇದಗಳು ಮಾತ್ರ. 25.2 ಕೋಟಿ ವರ್ಷದ ಹಿಂದೆ ಪರ್ಮಿಯನ್ ಮುಗಿಯುವಾಗ ಭೂಮಿ ಕಂಡ ಅತಿ ದೊಡ್ಡ ಸಾಮೂಹಿಕ ಅಳಿವು ಆಯ್ತಲ್ಲ, ಮರ ನಂಬಿದ್ದ ಹಳೇ ಬೀಟಲ್‌ಗಳಿಗೆ ಅದು ದೊಡ್ಡ ಹೊಡೆತ. ಆಮೇಲೆ ಮೇಲೆ ಬಂದಿದ್ದು ಬೇರೆ ಕವಲುಗಳು. ಬೇಟೆಯಾಡೋ ನೆಲ ಜೀರುಂಡೆಗಳು, ಕೆರೆಯ ನೀರ ಮೇಲೆ ಗಿರಗಿರ ಸುತ್ತೋ ಕಪ್ಪು ಹುಳಗಳು ಒಂದು ಕವಲು. ನಾವು ನೋಡೋ ಹತ್ತರಲ್ಲಿ ಒಂಬತ್ತು ಬೀಟಲ್, ಪಾಲಿಫೇಗಾ ಅನ್ನೋ ಇನ್ನೊಂದು ಕವಲು. ಕಲ್ಲಿನ ಮೇಲಿನ ಪಾಚಿ ತಿನ್ನೋ ಮಿಕ್ಸೋಫೇಗಾ ಅಂತ ನಾಲ್ಕನೇದೊಂದಿದೆ, ಅವು ಕಣ್ಣಿಗೆ ಕಾಣೋದೇ ಕಷ್ಟ. ಈ ಕವಲಿನದ್ದೇ ಒಂದು ಫಾಸಿಲ್ 2021ರಲ್ಲಿ ಸಿಕ್ಕ ಬಗೆ ನಂಗೆ ತುಂಬಾ ಇಷ್ಟ: ಪೋಲೆಂಡಿನಲ್ಲಿ ಸಿಕ್ಕ, ಡೈನೋಸಾರ್‌ಗಳ ಹತ್ತಿರದ ನೆಂಟನೊಂದು 23 ಕೋಟಿ ವರ್ಷದ ಹಿಂದೆ ಹಾಕಿದ ಕಲ್ಲಾದ ಲದ್ದಿಯೊಳಗೆ ಎಕ್ಸ್‌ರೇ ಹಾಯಿಸಿ ನೋಡಿದ್ರೆ, ಮೀಸೆ ಕಾಲುಗಳ ಸಮೇತ ಪುಟಾಣಿ ಬೀಟಲ್‌ಗಳು ಹಾಗೇ ಉಳಿದಿದ್ವು.

ಹಾಗಾದ್ರೆ 4 ಲಕ್ಷ ಹೇಗಾಯ್ತು? 1998ರಲ್ಲಿ ಕೀಟಶಾಸ್ತ್ರಜ್ಞ ಬ್ರಯಾನ್ ಫ್ಯಾರೆಲ್ ಕೊಟ್ಟ ಉತ್ತರ ಹೂಬಿಡೋ ಗಿಡಗಳು. ಗಿಡಗಳು ಸಾವಿರಾರು ಬಗೆಯಾದ ಹಾಗೆ ಅವನ್ನ ತಿನ್ನೋ ಬೀಟಲ್‌ಗಳೂ ಸಾವಿರಾರು ಬಗೆಯಾದ್ವು ಅಂತ. ನೋಡೋಕೆ ಚೆನ್ನಾಗಿ ಹೊಂದುತ್ತೆ, ನಮ್ಮ ಅಕ್ಕಿ ನುಸಿಯ ಬಳಗವೇ, ಅಂದ್ರೆ ಮೂತಿಹುಳಗಳೇ 60 ಸಾವಿರದಷ್ಟಿವೆ, ಅವು ಆ ಉದ್ದ ಮೂತಿಯಲ್ಲಿ ಕಾಳಿಗೋ ಕಾಂಡಕ್ಕೋ ತೂತು ಕೊರೆದು ಒಳಗೆ ಮೊಟ್ಟೆ ಇಡ್ತಾವೆ, ಮರಿ ಹುಟ್ಟೋದೇ ಊಟದ ಒಳಗೆ. ಆದ್ರೆ 2007ರಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳ ಡಿಎನ್‌ಎ ಇಟ್ಕೊಂಡು ಕಟ್ಟಿದ ವಂಶವೃಕ್ಷ ಬೇರೆ ಮಾತು ಹೇಳ್ತು, ಈಗಿರೋ ಬೀಟಲ್ ಕವಲುಗಳಲ್ಲಿ ನೂರಕ್ಕೂ ಹೆಚ್ಚು ಹೂಗಿಡಗಳು ಹರಡೋ ಮೊದಲೇ ಇದ್ದವು, ಹಾಗಾಗಿ ಅವು ಬೇಗ ಬೇಗ ಹುಟ್ಟಿದ್ದಕ್ಕಿಂತ ಬೇಗ ಅಳಿಯದೇ ಉಳಿದಿದ್ದು ದೊಡ್ಡ ವಿಷಯ ಅಂತ. ನನ್ನ ಅಭಿಪ್ರಾಯ ಕೇಳಿದ್ರೆ ಎರಡನೇದೇ ಬುನಾದಿ, ಮೊದಲನೇದು ಅದರ ಮೇಲೆ ಕಟ್ಟಿದ ಮಹಡಿ. ಗುಂಪಿಗೆ ಗುಂಪೇ ಅಳಿದು ಹೋಗೋದು ಬೀಟಲ್‌ಗಳಲ್ಲಿ ಅಪರೂಪ, ಹೀಗೆ ಉಳಿದುಕೊಂಡಿದ್ದವಕ್ಕೆ ಹೂಗಿಡ ಬಂದಾಗ ಹಬ್ಬ.

ಈ ಹಬ್ಬಕ್ಕೆ ಬೇಕಾದ ಸಾಮಾನು ಎಲ್ಲಿಂದ ಬಂತು ಅನ್ನೋದು ಇನ್ನೂ ಸ್ವಾರಸ್ಯ, ಫಿಲ್ಟರ್ ಕಾಫಿ ಕುಡಿಯೋ ನಾವು ಗಮನಿಸಲೇಬೇಕಾದ್ದು. ಕಾಫಿ ಕಾಯಿಕೊರಕ ಅಂತ ಒಂದು ಬೀಟಲ್ ಇದೆ, ಎಳ್ಳಿಗಿಂತ ಚಿಕ್ಕದು, ಕೊಡಗು ಚಿಕ್ಕಮಗಳೂರಿನ ಬೆಳೆಗಾರರಿಗೆ ಅದರ ಹೆಸರು ಕೇಳಿದ್ರೇ ಆಗಲ್ಲ. ಕಾಫಿ ಬೀಜದಲ್ಲಿ ಇರೋ ಒಂದು ಬಗೆಯ ಗಟ್ಟಿ ಸಕ್ಕರೆ ಸರಪಳಿಯನ್ನ ಕೀಟಗಳು ಸಾಮಾನ್ಯವಾಗಿ ಜೀರ್ಣ ಮಾಡ್ಕೊಳ್ಳಲ್ಲ. ಈ ಹುಳ ಮಾಡ್ಕೊಳ್ಳುತ್ತೆ, ಯಾಕಂದ್ರೆ ಅದನ್ನ ಒಡೆಯೋ ಜೀನ್ ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾ ಒಂದರಿಂದ ನೇರವಾಗಿ ಅದರ ಜೀನೋಮಿಗೆ ಬಂದು ಸೇರಿಕೊಂಡಿದೆ ಅಂತ 2012ರಲ್ಲಿ ತೋರಿಸಿದ್ರು. ಅಪ್ಪ ಅಮ್ಮನಿಂದ ಬಂದ ಆಸ್ತಿ ಅಲ್ಲ ಅದು, ದಾರೀಲಿ ಹೋಗೋರಿಂದ ಬಂದದ್ದು. ಕೆಫೀನ್ ವಿಷ ಅರಗಿಸೋ ಕೆಲಸವನ್ನ ಅದರ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾಗಳು ಮಾಡ್ತಾವೆ. 2019ರ ಹೊತ್ತಿಗೆ ಬಹಳಷ್ಟು ಬೀಟಲ್ ಜೀನೋಮ್‌ಗಳನ್ನ ಹೋಲಿಸಿದಾಗ ಇದು ಕಾಫಿ ಹುಳದ ಒಂದರ ಕತೆ ಅಲ್ಲ ಅಂತ ಗೊತ್ತಾಯ್ತು, ಮರ ಎಲೆ ಕಾಂಡ ತಿನ್ನೋ ದೊಡ್ಡ ದೊಡ್ಡ ಬೀಟಲ್ ಗುಂಪುಗಳೆಲ್ಲಾ ಗಿಡದ ಜೀವಕೋಶದ ಗೋಡೆ ಒಡೆಯೋ ಜೀನ್‌ಗಳನ್ನ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಪಡ್ಕೊಂಡಿವೆ. ಇಲ್ಲೂ ನೋಡಿ, ಕಾಂಡದೊಳಗೆ ಸುರಂಗ ಕೊರೆದು ಅರೇಬಿಕಾ ಗಿಡ ಒಣಗಿಸೋ ಬಿಳಿ ಕಾಂಡಕೊರಕ ಆಗಲಿ, ಕಬ್ಬಿನ ಬೇರು ತಿನ್ನೋ ಗೊಣ್ಣೆ ಹುಳು ಆಗಲಿ, ಇಡೀ ನಷ್ಟ ಮಾಡೋದು ಹೆಚ್ಚಾಗಿ ಮರಿ. ದೊಡ್ಡದರ ಮುಖ್ಯ ಕೆಲಸ ಹಾರಿ ಹೋಗಿ ಮೊಟ್ಟೆ ಇಡೋದು.

ಇಲ್ಲಿಂದ ಬಾರ್ನಕಲ್‌ಗೆ ಹೋಗೋಕೆ ಡಾರ್ವಿನ್‌ಗಿಂತ ಒಳ್ಳೆ ಸೇತುವೆ ಇಲ್ಲ. ಕೇಂಬ್ರಿಜ್‌ನಲ್ಲಿ ಓದುವಾಗ ಅವರಿಗೆ ಜೀರುಂಡೆ ಹಿಡಿಯೋ ಹುಚ್ಚು, ಒಂದು ಸಲ ಎರಡೂ ಕೈಲಿ ಒಂದೊಂದು ಅಪರೂಪದ ಬೀಟಲ್ ಇದ್ದಾಗ ಮೂರನೇದು ಕಾಣಿಸ್ತು, ಬಲಗೈಲಿ ಇದ್ದಿದ್ದನ್ನ ಬಾಯಿಗೆ ಹಾಕ್ಕೊಂಡ್ರು, ಅದು ಉರಿಯೋ ರಸ ಉಗುಳಿ ನಾಲಿಗೆ ಸುಟ್ಟು, ಕೊನೆಗೆ ಮೂರನೇದೂ ಕೈತಪ್ಪಿ ಹೋಯ್ತು ಅಂತ ಆತ್ಮಕಥೆಯಲ್ಲಿ ಅವರೇ ಬರೆದಿದಾರೆ. ಅದೇ ಮನುಷ್ಯ 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್ ಕೊಯ್ಕೊಂಡು ಕೂತ್ರು. ಶುರುವಾಗಿದ್ದು 1835ರಲ್ಲಿ ಚಿಲಿ ತೀರದಲ್ಲಿ ಸಿಕ್ಕ ಒಂದು ವಿಚಿತ್ರ ಜೀವಿಯಿಂದ, ಶಂಖದ ಹುಳುವಿನ ಚಿಪ್ಪಿನೊಳಗೆ ತೂತು ಕೊರೆದು ಇದ್ದ, ಸೂಜಿತಲೆಯಷ್ಟಿದ್ದ, ಸ್ವಂತ ಚಿಪ್ಪೇ ಇಲ್ಲದ ಬಾರ್ನಕಲ್. ಅದನ್ನ ಎಲ್ಲಿ ಸೇರಿಸೋದು ಅಂತ ತಿಳಿಯೋಕೆ ಉಳಿದವನ್ನೆಲ್ಲ ನೋಡಬೇಕಾಯ್ತು. ಒಂದು ಪತ್ರದಲ್ಲಿ, ನನ್ನಷ್ಟು ಬಾರ್ನಕಲ್ ದ್ವೇಷಿಸಿದವರು ಯಾರೂ ಇರಲಿಕ್ಕಿಲ್ಲ ಅಂತ ಗೆಳೆಯನಿಗೆ ಬರೆದ್ರು, ಆದ್ರೆ ಬಿಡಲಿಲ್ಲ. ಒಂದೇ ಪ್ರಭೇದದೊಳಗೂ ಎಷ್ಟು ವ್ಯತ್ಯಾಸ ಇರುತ್ತೆ ಅನ್ನೋದು ಅವರ ಕೈಬೆರಳಿಗೆ ಗೊತ್ತಾಗಿದ್ದು ಈ ಕೆಲಸದಲ್ಲೇ.

ಅದಕ್ಕೂ ಮೊದಲು ಬಾರ್ನಕಲ್ ಏನು ಅನ್ನೋದೇ ತಪ್ಪಾಗಿತ್ತು. ಜೀವಿಗಳಿಗೆ ಹೆಸರಿಡೋ ಪದ್ಧತಿ ಹಾಕಿಕೊಟ್ಟ ಲಿನೇಯಸ್ ಸೇರಿ ಎಲ್ಲರೂ ಅದನ್ನ ಚಿಪ್ಪುಜೀವಿ, ಮರುವಾಯಿ ಥರದ್ದು ಅಂದ್ಕೊಂಡಿದ್ರು, ಹೊರಗಿಂದ ನೋಡಿದ್ರೆ ಹಾಗೇ ಕಾಣುತ್ತೆ. ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಜಾನ್ ವಾನ್ ಥಾಂಪ್ಸನ್ ಅನ್ನೋ ಸೈನ್ಯದ ಡಾಕ್ಟರ್, ಸಮುದ್ರದಲ್ಲಿ ಬಲೆ ಹಾಕಿ ಹಿಡಿದ ಸಣ್ಣ ಸೀಗಡಿಯಂಥ ಈಜೋ ಜೀವಿಗಳನ್ನ ಉಪ್ಪುನೀರಲ್ಲಿ ಇಟ್ಟು ಗಮನಿಸ್ತಾ ಇದ್ರು, ಅವು ಗಾಜಿಗೆ ಅಂಟಿಕೊಂಡು ಚರ್ಮ ಕಳಚಿ ಬಾರ್ನಕಲ್ ಆಗಿಬಿಟ್ವು. 1830ರಲ್ಲಿ ಅದನ್ನ ಪ್ರಕಟಿಸಿದ್ರು. ದೊಡ್ಡದನ್ನ ಶತಮಾನಗಟ್ಟಲೆ ನೋಡಿದ್ರೂ ಗೊತ್ತಾಗದ ಕುಲ ಮರಿ ನೋಡಿದ ತಕ್ಷಣ ಗೊತ್ತಾಯ್ತು.

ಆ ಮರಿಯ ಕೆಲಸ ಸ್ವಲ್ಪ ಹತ್ತಿರದಿಂದ ನೋಡೋಣ. ಮೊಟ್ಟೆ ಒಡೆದು ಮೊದಲು ಬರೋದು ನಾಪ್ಲಿಯಸ್, ಒಂದೇ ಕಣ್ಣು, ಮೂರು ಜೊತೆ ಕಾಲು, ಹಣೆಯ ಎರಡು ಪಕ್ಕ ಎರಡು ಪುಟ್ಟ ಕೊಂಬು. ಸೀಗಡಿಗಳಲ್ಲೂ ನಾಪ್ಲಿಯಸ್ ಇದೆ, ಆದ್ರೆ ಕೊಂಬಿರೋದು ಬಾರ್ನಕಲ್ ಬಳಗಕ್ಕೇ ಗುರುತು. ಅದು ತಿಂದು ಬೆಳೆದು ಸೈಪ್ರಿಸ್ ಅನ್ನೋ ಎರಡನೇ ರೂಪ ತಗೊಳುತ್ತೆ, ಅದು ಊಟವನ್ನೇ ಮಾಡಲ್ಲ, ಕೂಡಿಟ್ಟ ಕೊಬ್ಬಲ್ಲಿ ಓಡುತ್ತೆ, ಅದಕ್ಕಿರೋದು ಒಂದೇ ಕೆಲಸ, ಜಾಗ ಹುಡುಕೋದು. ಮೀಸೆಗಳನ್ನೇ ಕಾಲು ಮಾಡ್ಕೊಂಡು ಬಂಡೆ ಮೇಲೆ ನಡೀತಾ ಒಂದೊಂದು ಹೆಜ್ಜೆಗೂ ಮುಟ್ಟಿ ಪರೀಕ್ಷೆ ಮಾಡುತ್ತೆ, ನುಣುಪೋ ಒರಟೋ, ನೀರಿನ ಸೆಳೆತ ಹೇಗಿದೆ, ಮುಖ್ಯವಾಗಿ ತನ್ನ ಜಾತಿಯವು ಇಲ್ಲಿ ಮುಂಚೆ ಕೂತಿವೆಯಾ ಅಂತ ಅವುಗಳ ಪ್ರೋಟೀನ್ ಸುಳಿವಿಂದ ತಿಳ್ಕೊಳುತ್ತೆ. ಸರಿ ಅನ್ನಿಸದಿದ್ರೆ ಈಜಿಕೊಂಡು ಬೇರೆ ಕಡೆ ಹೋಗುತ್ತೆ. ಸರಿ ಅನ್ನಿಸಿದ್ರೆ ತಲೆ ಕಡೆಯಿಂದ ಅಂಟು ಸುರಿಸಿ ಅಂಟಿಕೊಳ್ಳುತ್ತೆ, ನೀರೊಳಗೇ ಗಟ್ಟಿಯಾಗೋ ಆ ಅಂಟನ್ನ ಮನುಷ್ಯರು ಇವತ್ತಿಗೂ ನಕಲು ಮಾಡೋಕೆ ಒದ್ದಾಡ್ತಾ ಇದಾರೆ. ಅಂಟಿದ ಮೇಲೆ ಸೈಪ್ರಿಸ್ ರೂಪದಲ್ಲಿ ಇದ್ದ ಸಂಯುಕ್ತ ಕಣ್ಣು ಹೋಗುತ್ತೆ, ದೇಹ ತಿರುಗಿಕೊಳ್ಳುತ್ತೆ, ಸುತ್ತ ಸುಣ್ಣದ ಗೋಡೆ ಏಳುತ್ತೆ, ಈಜೋಕೆ ಇದ್ದ ಆರು ಜೊತೆ ಕಾಲುಗಳು ಗರಿಗಳಾಗಿ ಬಾಗಿಲಿಂದ ಹೊರಗೆ ಚಾಚಿ ನೀರಲ್ಲಿರೋ ಆಹಾರ ಬಾಚೋಕೆ ಶುರು ಮಾಡ್ತಾವೆ. ತಲೆ ಕೆಳಗೆ, ಕಾಲು ಮೇಲೆ, ಜೀವನ ಪೂರ್ತಿ.

ನೆರೆಹೊರೆ ಯಾಕೆ ಅಷ್ಟು ಮುಖ್ಯ ಅಂದ್ರೆ ಕೂತಲ್ಲಿಂದ ಏಳೋಕಾಗದವರಿಗೆ ಸಂತಾನ ಆಗೋದು ಹೇಗೆ? ಹೆಚ್ಚಿನ ಬಾರ್ನಕಲ್‌ಗಳು ಗಂಡೂ ಹೌದು ಹೆಣ್ಣೂ ಹೌದು, ಶಿಶ್ನವನ್ನ ಉದ್ದಕ್ಕೆ ಚಾಚಿ ಪಕ್ಕದ್ದನ್ನ ಮುಟ್ಟಬೇಕು, ಕೆಲವು ಪ್ರಭೇದಗಳಲ್ಲಿ ಅದು ಮೈಯ ಎಂಟು ಪಟ್ಟಿನವರೆಗೂ ಉದ್ದ ಆಗುತ್ತೆ, ದೇಹದ ಗಾತ್ರಕ್ಕೆ ಹೋಲಿಸಿದ್ರೆ ಪ್ರಾಣಿ ಪ್ರಪಂಚದಲ್ಲೇ ಎತ್ತಿದ ಕೈ. ಇನ್ನು ಕೆಲವುದರಲ್ಲಿ ಹೆಣ್ಣಿನ ಚಿಪ್ಪಿನೊಳಗೇ ಚುಕ್ಕೆಯಷ್ಟಿರೋ ಗಂಡುಗಳು ಇರೋದನ್ನ ಡಾರ್ವಿನ್ ಕಂಡುಹಿಡಿದ್ರು, ಆ ಮೊದಲು ನೋಡಿದವರು ಅವನ್ನ ಪರಾವಲಂಬಿ ಅಂದ್ಕೊಂಡಿರಬಹುದಾದಷ್ಟು ಚಿಕ್ಕವು.

ಫಾಸಿಲ್ ಇತಿಹಾಸ ಬೀಟಲ್‌ನಷ್ಟು ತುಂಬಿಲ್ಲ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಸುಮಾರು 43 ಕೋಟಿ ವರ್ಷ ಹಳೆಯ ಜ್ವಾಲಾಮುಖಿ ಬೂದಿಯಲ್ಲಿ ಸೈಪ್ರಿಸ್ ಹೋಲೋ ಮರಿಯೂ, ಆಗಷ್ಟೇ ಅಂಟಿಕೊಂಡ ತೊಟ್ಟಿನ ಎಳೆ ಬಾರ್ನಕಲ್ಲೂ ಸಿಕ್ಕಿವೆ, ಕಲ್ಲನ್ನ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ ಪ್ರತಿ ಪದರದ ಫೋಟೋ ತೆಗೆದು ಕಂಪ್ಯೂಟರಲ್ಲಿ ಮತ್ತೆ ಜೋಡಿಸಿದ್ದು. ಅಂದ್ರೆ ಜಾಗ ಹುಡುಕೋ ಮರಿ ಅನ್ನೋ ಉಪಾಯ ಭೂಮಿಯಲ್ಲಿ ಬೀಟಲ್ ಹುಟ್ಟೋ ಎಷ್ಟೋ ಮೊದಲೇ ಇತ್ತು. ತುಂಬಾ ಕಾಲ ಎಲ್ಲವೂ ತೊಟ್ಟಿನ ಮೇಲೆ ತೂಗಾಡೋ ಬಾರ್ನಕಲ್‌ಗಳೇ. ತೊಟ್ಟು ಬಿಟ್ಟು ನೇರ ಬಂಡೆಗೇ ಗೋಡೆ ಕಟ್ಟಿ ಕೂರೋವು, ಅಂದ್ರೆ ನಮ್ಮ ಪಾದ ಕೊಯ್ಯೋ ಬಗೆ, ಬಂದಿದ್ದು ಡೈನೋಸಾರ್‌ಗಳ ಕೊನೇ ಯುಗದಲ್ಲಿ, ವಿಜೃಂಭಿಸಿದ್ದು ಡೈನೋಸಾರ್ ಹೋದ ಮೇಲೆ. ಗೋಡೆಯ ಹಲಗೆಗಳು 8 ಇದ್ದಿದ್ದು 6 ಆಗಿ, 4 ಆಗಿ, ಕೆಲವುದರಲ್ಲಿ ಬೆಸೆದು ಒಂದೇ ಆಗಿಬಿಟ್ಟಿವೆ. ಇದಕ್ಕೆ ಕೊಡೋ ಒಂದು ಕಾರಣ ನಂಗೆ ಸರಿ ಅನ್ಸುತ್ತೆ: ಬಾರ್ನಕಲ್ ತಿನ್ನೋ ಸಮುದ್ರದ ಶಂಖಗಳು ಹಲಗೆ ಹಲಗೆ ಸೇರೋ ಸಂದಿಯಲ್ಲಿ ಕೊರೀತಾವೆ, ಸಂದಿ ಕಮ್ಮಿ ಆದಷ್ಟೂ ಜೀವ ಉಳಿಯುತ್ತೆ. ಪುರಾತನ ಯುಗವನ್ನ ಟ್ರೈಲೋಬೈಟ್‌ಗಳ (ಅಳಿದುಹೋದ ಸಮುದ್ರದ ಸಂಧಿಪದಿಗಳ) ಯುಗ ಅನ್ನೋದಾದ್ರೆ ಈಗಿನದ್ದನ್ನ ಬಾರ್ನಕಲ್‌ಗಳ ಯುಗ ಅನ್ನಬಹುದು ಅಂತ ಡಾರ್ವಿನ್ ಬರೆದಿದ್ರು.

ಮರಿಯೇ ಕುಲದ ಗುರುತು ಅನ್ನೋದಕ್ಕೆ ಅತಿ ದೊಡ್ಡ ಸಾಕ್ಷಿ ಸಾಕುಲಿನಾ ಅನ್ನೋ ಪರಾವಲಂಬಿ ಬಾರ್ನಕಲ್. ಏಡಿಯ ಹೊಟ್ಟೆ ಕೆಳಗೆ ಮೊಟ್ಟೆ ಇರಬೇಕಾದ ಜಾಗದಲ್ಲಿ ಹಳದಿ ಚೀಲ ಒಂದು ಕಾಣುತ್ತೆ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ಬಾಯಿಲ್ಲ, ಕರುಳಿಲ್ಲ, ಏಡಿಯ ಮೈಪೂರ್ತಿ ಬೇರಿನ ಹಾಗೆ ಹರಡಿ ಸಾರ ಹೀರುತ್ತೆ. ಏಡಿ ಬಂಜೆ ಆಗುತ್ತೆ, ಗಂಡೇಡಿ ಆದ್ರೆ ಹೊಟ್ಟೆ ಹೆಣ್ಣಿನ ಹಾಗೆ ಅಗಲ ಆಗಿ ಆ ಚೀಲವನ್ನ ತನ್ನದೇ ಮೊಟ್ಟೆ ಅನ್ನೋ ಹಾಗೆ ಜೋಪಾನ ಮಾಡುತ್ತೆ. ದೊಡ್ಡದನ್ನ ನೋಡಿದ್ರೆ ಇದು ಪ್ರಾಣಿ ಅಂತಲೇ ನಂಬೋದು ಕಷ್ಟ. ಆದ್ರೆ ಆ ಚೀಲದಿಂದ ಹೊರಗೆ ಬರೋ ಮರಿ ನಾಪ್ಲಿಯಸ್, ಹಣೆಯ ಪಕ್ಕ ಅದೇ ಎರಡು ಕೊಂಬು, ಆಮೇಲೆ ಅದೇ ಸೈಪ್ರಿಸ್. ಬಂಡೆ ಹುಡುಕೋ ಬದಲು ಏಡಿ ಹುಡುಕುತ್ತೆ, ಅಷ್ಟೇ ವ್ಯತ್ಯಾಸ.

ಇನ್ನು ಲೆಕ್ಕ ನೋಡಿದ್ರೆ ಬಾರ್ನಕಲ್ ಪ್ರಭೇದಗಳು 2 ಸಾವಿರದ ಆಸುಪಾಸು, ಬೀಟಲ್ 4 ಲಕ್ಷ. ಇದನ್ನ ಗೆಲುವು ಸೋಲು ಅಂತ ಓದೋದು ನನಗೆ ಸರಿ ಕಾಣಲ್ಲ. ನೆಲದ ಮೇಲೆ ಒಂದೊಂದು ಗಿಡವೂ, ಒಂದೊಂದು ಗಿಡದ ಬೇರು ಕಾಂಡ ಎಲೆ ಬೀಜವೂ ಬೇರೆ ಬೇರೆ ಮನೆ, ಅಲ್ಲಿಗೇ ಅಂಟಿಕೊಂಡು ತಿನ್ನೋ ಮರಿ ಇದ್ರೆ ಪ್ರಭೇದಗಳು ಕವಲೊಡೆಯೋದು ಸಹಜ. ಬಾರ್ನಕಲ್ ಮರಿ ವಾರಗಟ್ಟಲೆ ನೀರಲ್ಲಿ ತೇಲಿಕೊಂಡು ದೂರ ದೂರ ಹೋಗುತ್ತೆ, ಒಂದು ತೀರದ್ದು ಇನ್ನೊಂದು ತೀರದ್ದರ ಜೊತೆ ಬೆರೀತಾನೇ ಇರುತ್ತೆ, ಬೇರೆಯಾಗಿ ಹೊಸ ಪ್ರಭೇದ ಆಗೋ ಸಂದರ್ಭ ಕಮ್ಮಿ. ಆದ್ರೂ ಅವು ತಿಮಿಂಗಿಲದ ಚರ್ಮ, ಆಮೆಯ ಚಿಪ್ಪು, ಹಡಗಿನ ತಳ ಏನನ್ನೂ ಬಿಟ್ಟಿಲ್ಲ. ತಿಮಿಂಗಿಲದ ಮೈಮೇಲೆ ಬೆಳೆಯೋ ಬಾರ್ನಕಲ್ ಚಿಪ್ಪಿನ ಪದರಗಳಲ್ಲಿ ಆಕ್ಸಿಜನ್ ಐಸೋಟೋಪ್ (ಆಕ್ಸಿಜನ್‌ನ ಹಗುರ, ಭಾರ ರೂಪಗಳು) ಅಳೆದು, ಲಕ್ಷಾಂತರ ವರ್ಷದ ಹಿಂದಿನ ತಿಮಿಂಗಿಲಗಳು ವಲಸೆ ಹೋಗ್ತಿದ್ವು ಅನ್ನೋದನ್ನೂ ಓದಿದಾರೆ.

ಇಬ್ಬರಿಗೂ ಒಂದೊಂದು ಗಡಿ ಮಾತ್ರ ಇದುವರೆಗೆ ದಾಟೋಕಾಗಿಲ್ಲ. ಹೆಬ್ಬಾಳದಿಂದ ಹೆಸರಘಟ್ಟದವರೆಗೆ ಯಾವ ಕೆರೆಯಲ್ಲಿ ಹುಡುಕಿದ್ರೂ ನೀರು ಬೀಟಲ್ ಸಿಗುತ್ತೆ, ಬಾರ್ನಕಲ್ ಒಂದೂ ಸಿಗಲ್ಲ, ಅಳಿವೆಯ ಸಪ್ಪೆ ನೀರು ತಡ್ಕೊಳ್ಳೋವು ಕೆಲವಿದ್ರೂ ಪೂರ್ತಿ ಸಿಹಿನೀರಲ್ಲಿ ತಲೆತಲಾಂತರ ಬಾಳೋ ಬಾರ್ನಕಲ್ ಇಲ್ಲ. ಬೀಟಲ್‌ಗಳಿಗೆ ಅದೇ ಥರ ಸಮುದ್ರ, ಉಬ್ಬರ ಇಳಿತದ ಅಂಚಿನವರೆಗೆ ಬಂದವು ಕೆಲವಿವೆ, ತೆರೆದ ಕಡಲಲ್ಲಿ ಬದುಕೋದು ಒಂದೂ ಇಲ್ಲ. ಕಡಲಿಂದ ಬಂದ ವಂಶವೇ ಆದ್ರೂ ವಾಪಸ್ ಹೋಗೋ ಹೊತ್ತಿಗೆ ಅಲ್ಲಿನ ಒಂದೊಂದು ಮೂಲೆಯಲ್ಲೂ ಹಳೇ ಕಠಿಣಚರ್ಮಿ ದಾಯಾದಿಗಳು ಕೂತಿದ್ರು ಅನ್ನೋದು ಇದಕ್ಕೆ ಸಾಮಾನ್ಯವಾಗಿ ಕೊಡೋ ಒಂದು ಕಾರಣ.